ಪೆಟ್ಟಿಗೆಗೆ ಕಟ್ಟಿದ ಬಟ್ಟೆ

ಈ ಬೆಳಿಗ್ಗೆ ಮಗಳ ಗೇಮಿಂಗ್ ಕಂಪ್ಯೂಟರಿನ ಹಿಂಭಾಗ ಒರೆಸಲು ಬಗ್ಗಿದೆ. ಅದು ಬಿಟ್ಟ ಬಿಸಿಗಾಳಿಯಲ್ಲಿ ಮೆಣಸಿನಕಾಯಿ ಹುರಿದಂಥ ಘಾಟು. ಸೀನು ಬಂತು, ಸೀನಿನ ಬೆನ್ನಿಗೇ ಹಳೆಯ ಸಿಟ್ಟೂ ಬಂತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನಿಗೆ ಘಾಟು ಹೊಸದೇ? ಆದರೆ ಈ ಘಾಟಿಗೆ ರಾಣೆಬೆನ್ನೂರಿನ ಒಬ್ಬ ಕಂಪ್ಯೂಟರ್ ಅಂಗಡಿಯವನ ಮುಖವಿದೆ.

ನಮ್ಮದು ಅಂಗಡಿಯ ಮೇಲೇ ಮನೆ. ಕೆಳಗೆ ಚೀಲ ಸುರುವಿದರೆ ಮೇಲೆ ಹಾಲಿನ ಪಾತ್ರೆಗೂ ಕೆಂಪು ಧೂಳು. ಆಗ ಮಗಳು ಅಕ್ಷತಾ ಪಿಯುಸಿಯಲ್ಲಿದ್ದಳು. ಹಾವೇರಿಯ ಹುಡುಗರ ತಂಡದಲ್ಲಿ ಮನೆಯಿಂದಲೇ ಆನ್‌ಲೈನ್ ಆಟ ಆಡುತ್ತಿದ್ದಳು. ಆಟ ರಂಗೇರುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತಿತ್ತು. ಪರದೆಗೆ ಬೆಳಕು ಮರಳಿದಾಗ ಗ್ರಾಫಿಕ್ಸ್ ಡ್ರೈವರ್ ಕೆಲಸ ನಿಲ್ಲಿಸಿದೆ ಎಂಬ ಒಂದು ಸಾಲು. ಅಷ್ಟರಲ್ಲಿ ತಂಡ ಸೋತಿರುತ್ತಿತ್ತು. ಸೋಲು ಕಂಡರೆ ಓಡಿಹೋಗುವವಳು ಎಂದು ಅವಳಿಗೆ ಹೆಸರಾಯಿತು. ತಂಡದಿಂದ ತೆಗೆಯುವ ಮಾತೂ ಬಂತು. ನನ್ನ ಮಾಲು ಕಲಬೆರಕೆ ಎಂದು ಯಾರಾದರೂ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ?

ಕಂಪ್ಯೂಟರಿನ ಪೆಟ್ಟಿಗೆ ಹೊತ್ತು ರಾಣೆಬೆನ್ನೂರಿನ ರಿಪೇರಿ ಅಂಗಡಿಗೆ ಹೋದೆ. ಡ್ರೈವರ್ ಎಂದರೆ ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ತಂತ್ರಾಂಶವಂತೆ. ಅಂಗಡಿಯವನು ಅದನ್ನು ಅಳಿಸಿ ಹೊಸದು ಹಾಕಿದ, ಧೂಳು ಊದಿದ. "ಖಾರದ ಧೂಳ ಹೊಕ್ಕೈತ್ರಿ ಸಾವ್ಕಾರ್ರ, ಮ್ಯಾಲೊಂದು ಬಟ್ಟಿ ಕಟ್ರಿ" ಎಂದ. ಬಟ್ಟೆ ಕಟ್ಟುವುದನ್ನು ನಮಗೆ ಹೇಳಿಕೊಡಬೇಕೇ? ಕಾಯಿ ಸುರುವುವಾಗ ಮೂಗುಬಾಯಿಗೆ ಬಟ್ಟೆ ಬಿಗಿಯುವ ಜನ ನಾವು. ಹಳೆಯ ಧೋತರ ಹರಿದು, ಮಡಿಕೆ ಮಾಡಿ, ಮದುಮಗನಿಗೆ ಬಾಸಿಂಗ ಕಟ್ಟುವಷ್ಟು ಶ್ರದ್ಧೆಯಿಂದ ಹಿಂದೆಮುಂದೆ ಬಿಗಿದೆ. ಆ ಬಟ್ಟೆಯಲ್ಲಿ ನನಗೇ ಉಸಿರು ಸಾಲುವುದಿಲ್ಲ, ಪೆಟ್ಟಿಗೆಗೆ ಸಾಲುತ್ತದೆ ಎಂದು ನಂಬಿದ ಜಾಣ ನಾನು. ಪರದೆ ಮೊದಲಿಗಿಂತ ಬೇಗ ಕಪ್ಪಾಗತೊಡಗಿತು.

ಮತ್ತೆ ಹೊತ್ತೆ. ಅವನು ಬಟ್ಟೆ ಬಿಚ್ಚಿಟ್ಟು, ಅದರಲ್ಲಿ ಯಾವುದೋ ಹಾಡು ಹಚ್ಚಿ, ಎಲ್ಲ ಚಲೋ ಇದೆ ಎಂದು ತೋರಿಸಿ ಕಳಿಸಿದ. ಮನೆಗೆ ಬಂದು ನಾನು ಬಟ್ಟೆ ಮತ್ತೆ ಬಿಗಿದೆ, ಪರದೆ ಮತ್ತೆ ಕಪ್ಪಾಯಿತು. ಅದರ ಮುಂದಿನ ಸಲ ಮಗಳನ್ನೂ ಕರೆದೊಯ್ದೆ. ಅವಳ ಎದುರಿಗೇ ನಕ್ಕು, "ಪೆಟಗಿ ಗಟ್ಟಿ ಐತ್ರಿ. ಸೋಲಾಕತ್ತಿದ್ರ ಈಕಿನೇ ಬಂದ್ ಮಾಡೋ ಬಟನ್ ಒತ್ತತಾಳೇನು ಕೇಳ್ರಿ" ಎಂದ.

ನೋಡಿ, ಚೀಲದ ಬಾಯಲ್ಲಿ ಮಿಂಚುವ ಕಾಯಿ ಕಂಡು ನಾನು ಎಂದೂ ದರ ಹೇಳಿದವನಲ್ಲ. ಮೊಳಕೈವರೆಗೆ ಕೈ ಇಳಿಸಿ ತಳದ ಕಾಯಿ ಎತ್ತುತ್ತೇನೆ. ಇವನು ಪ್ರತಿ ಸಲ ಚೀಲದ ಬಾಯಿ ತೋರಿಸಿ ಕಳಿಸುತ್ತಿದ್ದ. ಮೈ ಉರಿದುಹೋಯಿತು. ಅವನದೇ ಕುರ್ಚಿ ಎಳೆದು ಮಗಳನ್ನು ಕೂಡಿಸಿದೆ. "ನಮ್ಮನ್ಯಾಗ ಹೆಂಗ ನಡೀತೈತೋ ಹಂಗ ನಡಸೋಣು. ಆಕಿ ಆಟ, ಪೂರಾ ಆಟ" ಎಂದು ಬಟ್ಟೆಯನ್ನು ನಾನೇ ಬಿಗಿದೆ.

ತಂಡದ ನಾಯಕ ಫೋನಿನಲ್ಲಿದ್ದ. ಗಿರಾಕಿಗಳೂ ನಿಂತು ನೋಡಿದರು. ಆಟ ಕಾವೇರಿತು, ಪೆಟ್ಟಿಗೆ ಅದಕ್ಕಿಂತ ಹೆಚ್ಚು ಕಾವೇರಿತು. ಪರದೆ ಕಪ್ಪಾಯಿತು. ಅವಳು ಎರಡೂ ಕೈ ಮೇಲೆತ್ತಿ ಕೂತುಬಿಟ್ಟಳು.

"ಮತ್ತ ಓಡಿದ್ಲು ನೋಡ್ರಿ" ಎಂದ ನಾಯಕ.

ಫೋನ್ ಕಸಿದುಕೊಂಡೆ. "ತಮ್ಮಾ, ನಾ ಅಕ್ಷತಾನ ಅಪ್ಪ. ಈಕಿ ಇಲ್ಲೇ ಕುಂತಾಳ. ಓಡಿದ್ದು ಪೆಟಗಿ. ಅಂಗಡಿಯವರನ್ನ ಕೇಳು ಬೇಕಾರ."

ಫೋನನ್ನು ಅಂಗಡಿಯವನ ಬಾಯಿಗೆ ಹಿಡಿದೆ. ಅವನು ಬಟ್ಟೆ ಮುಟ್ಟಿ ಬೆರಳು ಹಿಂದೆಗೆದ. "ಹೌದಪಾ, ಕಾದು ನಿಂತೈತಿ" ಎಂದ, ಸಣ್ಣ ದನಿಯಲ್ಲಿ. ಬಟ್ಟೆ ಕಟ್ಟಲು ಹೇಳಿದ್ದು ತಾನೇ ಎಂದು ಹೇಳಲಿಲ್ಲ. ಅದನ್ನು ನಾನು ಹೇಳಿದೆ, ಗಿರಾಕಿಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ನಿಮ್ಮ ಮನೆಯಲ್ಲೂ ಪರದೆ ಕಪ್ಪಾದರೆ ಮೊದಲು ಹಿಂದಿನ ಗಾಳಿಗೆ ಅಂಗೈ ಹಿಡಿಯಿರಿ. ಸುಡುತ್ತಿದ್ದರೆ ಫ್ಯಾನಿನ ಧೂಳು ತೆಗೆಯಿರಿ, ಗಾಳಿಗೆ ದಾರಿ ಬಿಡಿ. ಡ್ರೈವರ್ ಬದಲಿಸುವ ಮಾತು ಆಮೇಲೆ. ರಿಪೇರಿಯವನ ಹಾಡು ಕೇಳಿ ಮಾತ್ರ ವಾಪಸು ಬರಬೇಡಿ.

ಈಗ ಬಟ್ಟೆ ನನ್ನ ಮೂಗಿಗೆ ಮಾತ್ರ. ಇವತ್ತು ಅದನ್ನು ಬಿಗಿದುಕೊಂಡು ಮತ್ತೆ ಒರೆಸಲು ಕೂತಾಗ ಅಕ್ಷತಾ ಆಟದಲ್ಲಿದ್ದಳು. ಈಗ ಅವಳೇ ನಾಯಕಿ. ಹೊಸದಾಗಿ ಸೇರಿದ ಹಲಗೇರಿಯ ಹುಡುಗಿ ಆಟದ ನಡುವೆಯೇ ಪರದೆಯಿಂದ ಮಾಯವಾದಳು. ತಂಡದ ಉಳಿದವರು ಸ್ಪೀಕರಿನಲ್ಲಿ ಓಡಿದಳು, ಓಡಿದಳು ಎಂದು ನಗತೊಡಗಿದರು. ನನ್ನ ಕೈ ನಿಂತಿತು.

"ನಗಬ್ಯಾಡ್ರಿ" ಎಂದಳು ಅಕ್ಷತಾ. "ಪರದಿ ಹೆಂಗ ಹೋತು ಅಂತ ಮದ್ಲ ಆಕೀನ್ನ ಕೇಳೋಣು."

ಸೀನು ಬರುವುದರಲ್ಲಿತ್ತು. ಅವಳ ಮಾತಿಗೆ ಅಡ್ಡವಾಗದಿರಲೆಂದು ಬಟ್ಟೆಯೊಳಗೇ ತಡೆದುಕೊಂಡೆ.