ಸತ್ತವರ ಹೆಸರಲ್ಲಿ ಉಳಿದ ಕಾರು

ಕೊರೊನಾ ಮುಗಿದ ಎರಡನೆಯ ವರ್ಷ ನನ್ನ ಅಣ್ಣ ಕಾರು ಕೊಂಡ. ಅದೇ ವರ್ಷದ ಮಳೆಗಾಲದಲ್ಲಿ ಅದು ಹೋಯಿತು. ಅದು ಹೋಗಲು ನಾನು ಹೇಗೆ ಕಾರಣನಾದೆ ಎಂಬುದನ್ನು ಊರಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನಾನು ಓದಿದ್ದು ಆರನೆಯ ತರಗತಿಯವರೆಗೆ. ನನಗೆ ಬಂದ ಹಾಗೆ ಬರೆಯುತ್ತಿದ್ದೇನೆ.

ನಾವು ಗದಗ ಕಡೆಯವರು. ಅಣ್ಣ ಬಸವರಾಜನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲು ಸೋತಿವೆ. ಅವನು ಐಟಿಐ ಮುಗಿಸಿ ವಡೋದರಾದ ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ. ಅದು ಕೂತು ಮಾಡುವ ಕೆಲಸ. ಆಮೇಲೆ ನನ್ನನ್ನೂ ಕರೆಸಿಕೊಂಡು ಪಕ್ಕದ ಕಾರ್ಖಾನೆಯಲ್ಲಿ ಹೆಲ್ಪರ್ ಮಾಡಿಸಿದ. ಬೆಳಗ್ಗೆ ಅವನನ್ನು ಎತ್ತಿ ರಿಕ್ಷಾದಲ್ಲಿ ಕೂರಿಸುವುದು, ಸಂಜೆ ಎತ್ತಿ ಇಳಿಸುವುದು ನನ್ನ ಪಾಲಿನ ಕೆಲಸ. ಬೇಸರವಾದ ದಿನ ನಾನು ಗೊಣಗುತ್ತಿದ್ದೆ. ಅವನು ಕೇಳಿಸದ ಹಾಗೆ ಇರುತ್ತಿದ್ದ.

ಸೂರತ್‌ನಲ್ಲಿ ಒಂದು ಕಾರು ಮಾರಾಟಕ್ಕಿದೆ ಎಂದು ಫೋನಿನಲ್ಲಿ ನೋಡಿದ ಜಾಹೀರಾತಿನಿಂದ ಅವನಿಗೆ ಗೊತ್ತಾಯಿತು. ಅದರ ಬ್ರೇಕು, ಎಕ್ಸಿಲರೇಟರ್ ಎರಡನ್ನೂ ಕೈಯಿಂದಲೇ ನಡೆಸುವಂತೆ ಸ್ಟಿಯರಿಂಗ್ ಪಕ್ಕ ಒಂದು ಲಿವರ್ ಹಾಕಿದ್ದರು. ಅದರ ಮಾಲೀಕ ಪ್ರವೀಣಭಾಯಿಯ ಕಾಲೂ ಸೋತಿದ್ದವು. ಹಿಂದಿನ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರು. ಅವರ ಹೆಂಡತಿ ಮಂಜುಳಾಬೆನ್ ಬೀಗದಕೈ ಕೊಡುವಾಗ, ವಿಮೆ ಮಾತ್ರ ಪೂರ್ತಿ ಇದೆ ಎಂದು ಎರಡೆರಡು ಸಲ ಹೇಳಿದರು. ನೀರು ಹೊಕ್ಕು ಇಂಜಿನ್ ಕೆಟ್ಟರೂ, ಕೈಲಿವರ್ ಮುರಿದರೂ ದುಡ್ಡು ಸಿಗುವಂತೆ ಅವರ ಗಂಡ ಸಾಯುವ ಮುಂಚೆಯಷ್ಟೇ ಹೊಸದಾಗಿ ಮಾಡಿಸಿದ್ದರಂತೆ. ಹೆಸರು ಮಾತ್ರ ಬೇಗ ಬದಲಿಸಿಕೊಳ್ಳಿ ಎಂದರು.

ಆ ಲಿವರಿನ ಹಿಡಿಯಲ್ಲಿ ಹೆಬ್ಬೆರಳಿನ ಜಾಗ ಸವೆದು ತಗ್ಗಾಗಿತ್ತು. ಅಣ್ಣ ಹೆಬ್ಬೆರಳಿಟ್ಟರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಸೀಟು ಒಂದು ಮಗ್ಗುಲಿಗೆ ಕುಸಿದಿತ್ತು. ಅಣ್ಣನೂ ಅದೇ ಮಗ್ಗುಲಿಗೆ ವಾಲಿ ಕೂರುವವನು. ಬಾಗಿಲು ಹಿಡಿದು, ಯಾರೂ ಎತ್ತದೆ ತಾನೇ ಹತ್ತಿ ಕೂರಲು ಕಲಿತ. ಕಲಿಯುವ ದಿನಗಳಲ್ಲಿ ಒಮ್ಮೆ ಹೇಳಿದ, "ಮಲ್ಲ್ಯಾ, ಯಾರೋ ಕೈಮ್ಯಾಲ ಕೈ ಇಟ್ಟು ಕಲಿಸಿದಂಗ ಆಗತೈತಿ ನೋಡ." ನಾನು ನಕ್ಕೆ. ಅವನು ನಗಲಿಲ್ಲ.

ಆರ್‌ಟಿಒ ಕೆಲಸವನ್ನೆಲ್ಲ ಏಜೆಂಟ್ ಮಾಡಿಕೊಟ್ಟು ಕಾರು ಅಣ್ಣನ ಹೆಸರಿಗೆ ಬಂತು. ವಿಮೆಯ ಹೆಸರು ಬದಲಿಸಲು ನಾವೇ ಆಫೀಸಿಗೆ ಹೋಗಬೇಕಿತ್ತು. ಅದು ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಅಣ್ಣ ಕಾರಲ್ಲೇ ಕೂತು ಕಾಗದಗಳನ್ನು ನನ್ನ ಕೈಗೆ ಕೊಟ್ಟ. ಏನು ಕೇಳುತ್ತಾರೆ, ಏನು ಹೇಳಬೇಕು ಎಂದು ಹೇಳಿಕೊಡಲು ಹೊರಟಾಗ ನನಗೆ ಸಿಟ್ಟು ಬಂತು. ನಾನೇನು ಸಣ್ಣ ಹುಡುಗನೇ ಎಂದು ಹೇಳಿ ಮೆಟ್ಟಿಲು ಹತ್ತಿದೆ.

ಮೇಲೆ ಒಬ್ಬ ಹುಡುಗಿ ಇಂಗ್ಲಿಷಿನ ಫಾರಂ ಕೊಟ್ಟು ತುಂಬಿ ತನ್ನಿ ಎಂದಳು. ನಾನು ಅದನ್ನು ಹಿಡಿದು ನಿಂತೇ ಇದ್ದೆ. ಅವಳು ಗುಜರಾತಿಯಲ್ಲಿ ಏನೋ ಕೇಳಿದಳು, ಅರ್ಥವಾಗಲಿಲ್ಲ. ಇನ್ನೂ ಗಟ್ಟಿಯಾಗಿ ಕೇಳಿದಳು. ಕುರ್ಚಿಯಲ್ಲಿ ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಕೆಳಗೆ ಹೋಗಿ ಅಣ್ಣನ ಕೈಲಿ ಬರೆಸಿಕೊಂಡು ಬರಬಹುದಿತ್ತು. ನಾನು ಫಾರಂ ಮಡಚಿ ಜೇಬಿಗೆ ಹಾಕಿಕೊಂಡು ಇಳಿದುಬಂದೆ.

"ಆತೇನು?" ಎಂದ ಅಣ್ಣ.

"ಹೂಂ, ಆತು. ಹೆಸರು ಬದಲ ಮಾಡ್ಯಾರ."

ಮುಂದಿನ ವಾರ ಯಾರನ್ನಾದರೂ ಕರೆದುಕೊಂಡು ಬಂದು ಮಾಡಿಸಿದರಾಯಿತು ಅಂದುಕೊಂಡೆ. ಆ ವಾರ ಬರಲೇ ಇಲ್ಲ. ಕಾಗದ ಇನ್ನೂ ಬಂದಿಲ್ಲವಲ್ಲ ಎಂದು ಅಣ್ಣ ಒಮ್ಮೆ ಕೇಳಿದ. ಈಗೆಲ್ಲ ಕಂಪ್ಯೂಟರಿನಲ್ಲೇ ಇರುತ್ತದಂತೆ ಎಂದೆ. ನನ್ನ ಮಾತನ್ನು ನಂಬಿ ಸುಮ್ಮನಾದ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಮೊಸಳೆಗಳಿರುವ ವಿಶ್ವಾಮಿತ್ರಿ ನದಿ ಉಕ್ಕಿ ನಮ್ಮ ಸೊಸೈಟಿಯೊಳಗೆ, ಅಂದರೆ ನಾವಿದ್ದ ಮನೆಗಳ ಆವರಣದೊಳಗೆ, ಬಂತು. ನಮ್ಮದು ನೆಲಮಹಡಿಯ ಮನೆ. ಅಕ್ಕಪಕ್ಕದವರೂ ನಾನೂ ಸೇರಿ ಅಣ್ಣನನ್ನು ಎತ್ತಿ ಮೇಲಿನ ಮನೆಯ ಹಂಸಾಬೆನ್ ಅವರ ಬಾಲ್ಕನಿಗೆ ಸೇರಿಸಿದೆವು. ಕಾರನ್ನು ಹೊರಗೆ ತೆಗೆಯಲು ಆಗಲೇ ದಾರಿಯಿರಲಿಲ್ಲ. ಬೆಳಕು ಹರಿದಾಗ ಅದರ ಮೇಲ್ಚಾವಣಿ ಮತ್ತು ಅರ್ಧ ಗಾಜು ಮಾತ್ರ ಕಾಣುತ್ತಿತ್ತು. ಗಾಳಿ ಇರಲಿಲ್ಲ. ಇಡೀ ಸೊಸೈಟಿ ಸದ್ದಿಲ್ಲದೆ ನಿಂತಿತ್ತು.

ಆಗ ಕಾರಿನ ದೀಪ ಹತ್ತಿಕೊಂಡಿತು. ಕಂದು ನೀರಿನ ಅಡಿಯಲ್ಲಿ ಎರಡು ಹಳದಿ ಬೆಳಕು. ವೈಪರ್ ಒಂದು ಸಲ ಗಾಜನ್ನು ಒರೆಸಿ ನಿಂತಿತು. ಹಿಂದೆಯೇ ಹಾರ್ನ್ ಶುರುವಾಯಿತು. ನೀರೊಳಗಿನಿಂದ ಬರುವ ಆ ದನಿ ಹಾರ್ನಿನ ಹಾಗಿರಲಿಲ್ಲ, ಬಾಯಿ ಮುಚ್ಚಿ ಹಿಡಿದ ಮನುಷ್ಯ ಕೂಗಿದ ಹಾಗಿತ್ತು. ಬೀಗದಕೈ ನನ್ನ ಕೈಯಲ್ಲೇ ಇತ್ತು. ನೀರು ಹೊಕ್ಕರೆ ತಂತಿಗಳು ಕೂಡಿಕೊಂಡು ಹಾಗಾಗುತ್ತದೆ ಎಂದು ಅಣ್ಣ ಹೇಳಿದ. ತಂತಿಯ ಕೆಲಸ ಬಲ್ಲವನು. ಆದರೂ ಅವನ ತುಟಿ ಬಿಳಿಚಿಕೊಂಡಿತ್ತು. ಹಂಸಾಬೆನ್ ತಲೆಯ ಮೇಲೆ ಸೆರಗು ಎಳೆದುಕೊಂಡು, ಅದು ತನ್ನ ಮಾಲೀಕನನ್ನು ಕರೆಯುತ್ತಿದೆ ಎಂದು ಹಿಂದಿಯಲ್ಲಿ ಪಿಸುಗುಟ್ಟಿದರು. ಅಷ್ಟರಲ್ಲಿ ಒಂದು ಮೊಸಳೆ ಗೇಟಿನ ಕಡೆಯಿಂದ ಬಂದು, ಅವಸರವಿಲ್ಲದೆ ಡ್ರೈವರ್ ಬಾಗಿಲಿನ ಪಕ್ಕದಲ್ಲೇ ಹಾದು, ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಅದೇ ಹೊತ್ತಿಗೆ ಅಣ್ಣನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ಪ್ರವೀಣಭಾಯಿ ಸೂರತ್' ಎಂದಿತ್ತು.

ಮಾರಾಟದ ಜಾಹೀರಾತಿನಲ್ಲಿದ್ದ ಹೆಸರಿನಲ್ಲೇ ಅಣ್ಣ ನಂಬರನ್ನು ಇಟ್ಟುಕೊಂಡಿದ್ದ, ಆ ಫೋನು ಈಗ ಮಂಜುಳಾಬೆನ್ ಹತ್ತಿರ ಇದೆ ಎಂಬುದು ನೆನಪಾಗಲು ನನಗೆ ಹೊತ್ತು ಹಿಡಿಯಿತು. ಅಣ್ಣ ಸ್ಪೀಕರ್ ಹಾಕಿದ. ಕ್ಷೇಮ ಕೇಳಿದ ಮೇಲೆ ಆಕೆ ಹೇಳಿದ್ದು ಇದು: ವಿಮೆ ಕಂಪನಿಯಿಂದ ಗಂಡನ ಫೋನಿಗೆ ಸಂದೇಶ ಬಂದಿದೆ. ಪ್ರವೀಣಭಾಯಿಯವರೇ, ನೀರಿನಲ್ಲಿ ನಿಂತ ನಿಮ್ಮ ಕಾರನ್ನು ಸ್ಟಾರ್ಟ್ ಮಾಡಬೇಡಿ, ನಾವು ನಿಮ್ಮ ಜೊತೆ ಇದ್ದೇವೆ.

"ಭಾಯ್, ನೀವು ಹೆಸರು ಬದಲಿಸಲಿಲ್ಲವೇ? ಅವರಿಗೆ ಇವರು ಸತ್ತದ್ದೂ ಗೊತ್ತಿಲ್ಲ."

ಅಣ್ಣ ನನ್ನ ಕಡೆ ನೋಡಿದ. ನಾನು ನೀರಿನ ಕಡೆ ನೋಡಿದೆ. ಕೆಳಗೆ ಹಾರ್ನ್ ಕೂಗುತ್ತಲೇ ಇತ್ತು. ಬರಬರುತ್ತ ದನಿ ಕುಗ್ಗಿ, ಕೊನೆಗೆ ಉಸಿರು ಬಿಟ್ಟ ಹಾಗೆ ನಿಂತಿತು. ದೀಪವೂ ಆರಿತು. ಆಮೇಲೆ ಅಣ್ಣ ಮೆಲ್ಲಗೆ ಕೇಳಿದ, "ಮ್ಯಾಲ ಹೋಗಿದ್ದಿಲ್ಲೇನೋ ನೀನು?"

"ಹೋಗಿದ್ದೆ," ಎಂದೆ. ಉಳಿದದ್ದನ್ನೂ ಹೇಳಿದೆ. ಹಂಸಾಬೆನ್ ಒಳಗೆ ಹೋಗಿ ಚಹಾ ಇಟ್ಟರು.

ನೀರು ಇಳಿದ ಮೇಲೆ ಕಂಪನಿಗೆ ಫೋನ್ ಮಾಡಿದೆವು. ಪ್ರವೀಣಭಾಯಿಯವರಿಗೇ ಕೊಡಿ, ಅವರ ಜೊತೆಯೇ ಮಾತಾಡಬೇಕು ಎಂದಿತು ಆ ಕಡೆಯ ದನಿ. ಅವರು ತೀರಿಕೊಂಡಿದ್ದಾರೆ ಎಂದ ಅಣ್ಣ. ಕೆಲವು ದಿನಗಳ ಮೇಲೆ ಕಾರು ನೋಡಲು ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಕೆಸರು ತುಂಬಿದ ಲಿವರನ್ನು ಬೆರಳಿನಿಂದ ಒರೆಸಿ ನೋಡಿದರು. ಈ ವಿಮೆಯಲ್ಲಿ ಎಲ್ಲವೂ ಇದೆ, ಇಂಜಿನ್ ಇದೆ, ಇದೂ ಇದೆ, ಆದರೆ ಕಾರು ಒಬ್ಬರದು, ವಿಮೆ ಇನ್ನೊಬ್ಬರದು ಎಂದರು. ಇದು ಬೇರೆಯವರಿಗೆ ಗುದ್ದಿದ್ದರೆ ಅವರಿಗೆ ಪರಿಹಾರ ಸಿಗುತ್ತಿತ್ತು, ಕಾರಿನ ಸ್ವಂತ ನಷ್ಟಕ್ಕೆ ಮಾತ್ರ ಏನೂ ಬರುವುದಿಲ್ಲ ಎಂದು ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಹೆಸರು ಬದಲಾಗಿದ್ದರೆ ಅದೇ ತಿಂಗಳು ಅಣ್ಣ ಮತ್ತೆ ಕಾರಿನಲ್ಲಿರುತ್ತಿದ್ದ. ಗುಜರಿಯವನು ಹಗ್ಗ ಕಟ್ಟಿ ಎಳೆದುಕೊಂಡು ಹೋದ.

ಹಳೆಯ ಕಾರು ಕೊಳ್ಳುವವರು ಇದ್ದರೆ ನನ್ನ ಮಾತು ಕೇಳಿ. ಪೂರ್ತಿ ವಿಮೆ ಮಾಡಿಸಿ, ಕಡಿಮೆಯದಕ್ಕೆ ಆಸೆಪಡಬೇಡಿ. ಅದರಲ್ಲಿ ಯಾರ ಹೆಸರಿದೆ ಎಂದು ಓದಿ ನೋಡಿ. ಓದಲು ಬರದಿದ್ದರೆ ಬರುವುದಿಲ್ಲ ಎಂದು ಹೇಳಿ. ಅಲ್ಲಿ ಕೂತವರು ನೋಡಿದರೆ ನೋಡಲಿ.

ಹೋದ ತಿಂಗಳು ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ನಮ್ಮ ರಿಕ್ಷಾ ಸೂರ್‌ಸಾಗರ ಕೆರೆಯ ಪಕ್ಕ ನಿಂತಿತು. ಶೇಂಗಾ ಮಾರುವ ಮುದುಕನೊಬ್ಬ ಅಣ್ಣನ ಗುರುತು ಹಿಡಿದು, ಸಾಹೇಬರು ಈಗ ಬರುವುದೇ ಇಲ್ಲವಲ್ಲ ಎಂದ. ಕಾರಿದ್ದಾಗ ಪ್ರತಿ ಭಾನುವಾರ ಬಂದು, ಗಾಜು ಇಳಿಸಿ ಶೇಂಗಾ ತೆಗೆದುಕೊಂಡು, ನೀರು ನೋಡುತ್ತ ಕೂತು ಹೋಗುತ್ತಿದ್ದನಂತೆ. ಭಾನುವಾರ ಅವನು ಓವರ್‌ಟೈಮಿಗೆ ಹೋಗುತ್ತಾನೆ ಅಂದುಕೊಂಡಿದ್ದೆ ನಾನು.

ಇಲ್ಲಿ ಒಬ್ಬನೇ ಬಂದು ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಏನೂ ಇಲ್ಲ," ಎಂದ ಅಣ್ಣ. "ನಾನ ಬರತಿದ್ದೆ, ನಾನ ಹೋಗತಿದ್ದೆ. ಅಷ್ಟ."

ಡಾಕ್ಟರ ದವಾಖಾನೆ ಬಂತು. ನಾನು ಇಳಿದು ಕೈ ಚಾಚಿದೆ. ಅವನು ಮುಖವನ್ನು ಆ ಕಡೆ ತಿರುಗಿಸಿಕೊಂಡು ನನ್ನ ಕೊರಳಿಗೆ ತೋಳು ಹಾಕಿದ.