ದಾನಮ್ಮನ ಒದ್ದೆ ತಟ್ಟು

ನೂಲು ಹರಿದದ್ದು ದಾನಮ್ಮನಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬನಹಟ್ಟಿಯ ಆ ಓಣಿಯಲ್ಲಿ ಮನೆಮನೆಗೂ ಮಗ್ಗ ಬಡಿಯುತ್ತಿದ್ದರೂ ತನ್ನ ಎರಡು ಮಗ್ಗಗಳ ಸದ್ದು ಅವಳಿಗೆ ಬೇರೆಯಾಗಿಯೇ ಕೇಳುತ್ತದೆ. ಮದುವೆಯಾಗಿ ಬಂದಾಗ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯುವ ಕುಣಿಮಗ್ಗವಿತ್ತು. ಆಮೇಲೆ ಗಂಡ ಗೂಳಪ್ಪ ಕರೆಂಟಿನ ಮಗ್ಗ ಹಾಕಿಸಿದ. ಮೂವತ್ತು ವರ್ಷ ನೇಯ್ದ ಸೀರೆಗಳಲ್ಲಿ ಅವಳು ಉಟ್ಟದ್ದು ನಾಲ್ಕೋ ಐದೋ.

ಈಚೆಗೆ ಶಿವರಾತ್ರಿಗೂ ಮೊದಲೇ ಬಿಸಿಲು ಏರುತ್ತದೆ. ಒಣಗಾಳಿಗೆ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೇ ಒಳಗಿನ ಗಾಳಿ ತಂಪಾಗಿರಲೆಂದು ಅವಳು ಕಿಟಕಿಗೆ ಗೋಣಿತಟ್ಟು ಕಟ್ಟಿ ತಾಸಿಗೊಮ್ಮೆ ನೀರು ಚಿಮುಕಿಸುತ್ತಾಳೆ.

ಒಂದು ಮಧ್ಯಾಹ್ನ ಪ್ರೀತಿ ಎಂಬ ಹುಡುಗಿ ಮೊಬೈಲು ಹಿಡಿದು ಬಂದಳು. ಜಮಖಂಡಿ ಕಾಲೇಜಿನವಳಂತೆ, ಹವಾಮಾನದ ಸರ್ವೆಯಂತೆ.

“ಹತ್ತು ವರ್ಷದಾಗ ಬಿಸಲು ಹೆಚ್ಚಾಗೇತೇನ್ರಿ ಅಕ್ಕಾರ?”

ದಾನಮ್ಮ ಮಗ್ಗ ನಿಲ್ಲಿಸಿದಳು. ಹಿಂದೊಮ್ಮೆ ಹೀಗೆಯೇ ಸರ್ವೆಯೆಂದು ಬಂದವರು ಮಗ್ಗ ಎಣಿಸಿಕೊಂಡು ಹೋಗಿದ್ದರು. ಆರು ತಿಂಗಳಲ್ಲಿ ಹೊಸ ಮೀಟರು ಬಂತು, ಬಿಲ್ಲು ಏರಿತು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವುದಕ್ಕೇ ಬಿಸಿಲು ಹೆಚ್ಚಿದೆಯೆಂದು ಟಿವಿಯಲ್ಲಿ ಕೇಳಿದ್ದನ್ನು ಗೂಳಪ್ಪ ಮೊನ್ನೆಯಷ್ಟೇ ಹೇಳಿದ್ದ. ಬಿಸಿಲು ಹೆಚ್ಚಿದೆಯೆಂದು ಬರೆಸಿ, ಅದೇ ನೆಪದಲ್ಲಿ ನೇಕಾರರಿಗೆ ಸೋವಿಯಲ್ಲಿ ಸಿಗುವ ಕರೆಂಟು ಹೋದರೆ ಎರಡೂ ಮಗ್ಗ ಗುಜರಿಗೇ.

“ಎಲ್ಲಿ ಹೆಚ್ಚಾಗೇತಿ ತಂಗಿ? ನಾ ಸಣ್ಣಾಕಿ ಇದ್ದಾಗೂ ಇಷ್ಟ ಇತ್ತು.”

“ನೂಲು ಹರಿಯೂದು?”

“ನೂಲು ಅಂದಮ್ಯಾಲೆ ಹರಿಯೂದ. ಹರೀಲಿಲ್ಲ ಅಂದ್ರ ಅದು ತಂತಿ.”

ಪ್ರೀತಿ ನಕ್ಕಳು. ಅಷ್ಟರಲ್ಲಿ ಕಿಟಕಿಯಿಂದ ಹನಿಯೊಂದು ಟಪ್ಪೆಂದು ನೆಲಕ್ಕೆ ಬಿತ್ತು. ಇಬ್ಬರೂ ಅತ್ತ ನೋಡಿದರು.

“ತಟ್ಟು ತೊಳದು ಒಣಾ ಹಾಕೇನಿ,” ಎಂದಳು ದಾನಮ್ಮ.

“ನೆಳ್ಳಾಗ?”

ದಾನಮ್ಮ ಹನಿ ಬಿದ್ದ ಜಾಗವನ್ನು ಕಾಲಿನಿಂದ ಒರೆಸಿದಳು.

“ರಬಕವಿಯೊಳಗ ನಮ್ಮ ಮನ್ಯಾಗೂ ಮಗ್ಗ ಅದಾವ್ರಿ. ನಮ್ಮವ್ವನೂ ಹಿಂಗ ತಟ್ಟು ಕಟ್ಟತಾಳ.”

ದಾನಮ್ಮನ ಕಣ್ಣು ಹುಡುಗಿಯ ತೋರುಬೆರಳಿಗೆ ಹೋಯಿತು. ಹರಿದ ಎಳೆ ಎಳೆದು ಗಂಟಿಕ್ಕಿ ಗಂಟಿಕ್ಕಿ ಬಿದ್ದ ಗೀರು ಅಲ್ಲಿತ್ತು. ಮಾತು ಖರೆಯೇ. ಆದರೂ ಕೇಳಿದಳು:

“ಹಂಗಾರ ನಿಮ್ಮವ್ವ ಏನು ಬರಿಸ್ಯಾಳ? ಅದನ್ನ ಹೇಳು ಮೊದಲ.”

ಪ್ರೀತಿ ಮೊಬೈಲನ್ನು ದುಪಟ್ಟಾದಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಬಿಸಲು ಹೆಚ್ಚಾಗಿಲ್ಲ ಅಂತ್ರಿ.”

“ಶಾಣ್ಯಾಕಿ ಅದಾಳ. ನಂದೂ ಅದನ್ನ ಬರಿ.”

ಹುಡುಗಿ ಬರೆದುಕೊಂಡಳು. ಅವಳು ಓಣಿ ತಿರುಗುವವರೆಗೂ ದಾನಮ್ಮ ಬಾಗಿಲಲ್ಲೇ ನಿಂತು, ಹೊರಗೋಡೆಯ ಮೀಟರಿನ ಫೋಟೊ ಹೊಡೆಯಲು ಮೊಬೈಲು ಎತ್ತುತ್ತಾಳೇನೋ ಎಂದು ನೋಡಿದಳು. ಎತ್ತಲಿಲ್ಲ. ಒಳಗೆ ಬಂದು ಚೆಂಬು ತುಂಬಿಕೊಂಡಳು. ತಟ್ಟು ಆಗಲೇ ಅರ್ಧ ಒಣಗಿತ್ತು.