ಮೀನು ಹುಡುಕುವ ಯಂತ್ರಕ್ಕೆ ಹಲಸಿನ ಮೇಣ

ನನಗೆ ಸಿಟ್ಟು ಬೇಗ ಬರುತ್ತದೆ. ಮೂಡುಬಿದಿರೆಯಲ್ಲಿರುವ ನನ್ನ ಪಾತ್ರೆ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಕುಕ್ಕರಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ವಾಪಸು ತಂದವರ ಜತೆ ನಾನು ಮಾಡಿದ ಜಗಳಗಳನ್ನು ಪಕ್ಕದ ಅಂಗಡಿಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಅಂಥ ನಾನು ಕಳೆದ ಬೇಸಿಗೆಯಲ್ಲಿ ಅಂಗೈಯಗಲದ ಒಂದು ಯಂತ್ರದ ಎದುರು ಬಾಯಿ ಬಿಗಿಹಿಡಿದು ಕುಳಿತೆ. ಅದಕ್ಕೆ ಕಾರಣ ಭಾವ.

ಭಾವ ಎಂದರೆ ಅಕ್ಕನ ಗಂಡ. ಬಂಟ್ವಾಳದ ಕಡೆ ಫಲ್ಗುಣಿ ಹೊಳೆಯ ಬದಿಯಲ್ಲಿ ಅವರ ಮನೆ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಓಡುವ ಖಾಸಗಿ ಬಸ್ಸಿನ ಡ್ರೈವರಾಗಿದ್ದರು. ಇಲ್ಲಿನ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಭಾವನ ಗಂಟಲು ಗೊತ್ತಿರುತ್ತದೆ. ಎದುರಿನ ಬಸ್ಸು ತನ್ನ ಹೊತ್ತು ಮೀರಿ ಸ್ಟ್ಯಾಂಡಿನಲ್ಲಿ ನಿಂತು ಇವರ ಜನರನ್ನು ಹತ್ತಿಸಿಕೊಂಡರೆ ಸಾಕು, ಭಾವ ಸ್ಟೇರಿಂಗ್ ಬಿಟ್ಟು ಕೆಳಗಿಳಿದು ಶುರು ಮಾಡುತ್ತಿದ್ದರು. ಜಗಳ ಮುಗಿಸಿ ಬಂದು ಕುಳಿತಾಗ ಅವರ ಮುಖದಲ್ಲಿ ಊಟ ಮಾಡಿದ ತೃಪ್ತಿ ಇರುತ್ತಿತ್ತು.

ಹೋದ ವರ್ಷ ಎದೆನೋವು ಬಂತು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ಬಸ್ಸಿನ ಕೆಲಸ ಬಿಟ್ಟರು. ಇವರಿಗೆ ಟೆನ್ಷನ್ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನಾವು ಮನೆಯವರೆಲ್ಲ ಸೇರಿ ಒಂದು ಕಾಯಿದೆ ಮಾಡಿಬಿಟ್ಟೆವು. ಸಾರಿಗೆ ಉಪ್ಪು ಕಡಿಮೆ ಎಂದರೆ ಹೌದು, ಜಾಸ್ತಿ ಎಂದರೂ ಹೌದು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬೇರೆಯಾಗಿಯೇ ಹೇಳಿದ್ದಳು. “ನಿನ್ನ ಬಾಯಿ ಸ್ವಲ್ಪ ಹಿಡಿತದಲ್ಲಿ ಇರಲಿ ಮಾರಾಯ. ಅವರ ಹತ್ತಿರ ವಾದ ಮಾಡಬೇಡ.” ನಾನು ಮಾತು ಕೊಟ್ಟೆ. ಭಾವ ದಿನದಿಂದ ದಿನಕ್ಕೆ ಮೆತ್ತಗಾದರು. ರಸ್ತೆಯಲ್ಲಿ ಹಳೆಯ ಬಸ್ಸಿನ ಹಾರನ್ ಕೇಳಿದರೂ ಅಂಗಳಕ್ಕೆ ಬರುತ್ತಿರಲಿಲ್ಲ.

ಅವರನ್ನು ಹೊರಗೆ ಎಳೆಯಲೆಂದೇ ನಾನು ಕಯಾಕ್ ತಂದದ್ದು. ಸಮುದ್ರದ ಬದಿಯ ಒಂದು ರೆಸಾರ್ಟಿನವರು ಹಳೆಯದಾಯಿತೆಂದು ಮಾರಿದ, ಇಬ್ಬರು ಕೂರುವ ಪ್ಲಾಸ್ಟಿಕ್ ದೋಣಿ. ಅಕ್ಕನ ಮನೆಯ ಕೆಳಗೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಲ್ಲಿಸಿರುತ್ತಾರೆ. ಬೇಸಿಗೆಯಿಡೀ ಹೊಳೆ ಅಲ್ಲಿ ಕೆರೆಯ ಹಾಗೆ ಇರುತ್ತದೆ, ಮಳೆಗಾಲಕ್ಕೆ ಮೊದಲು ಹಲಗೆ ತೆಗೆದರೆ ಮುಗಿಯಿತು. ನಾನು ಹಿಂದೆ ಕುಳಿತು ಹುಟ್ಟು ಹಾಕುವುದು, ಭಾವ ಮುಂದೆ ಕುಳಿತು ಗಾಳ ಹಾಕುವುದು ಎಂದು ಏರ್ಪಾಡಾಯಿತು. ಮೊದಮೊದಲು ಉಮೇದಿನಿಂದ ಬಂದರು. ಮೀನು ಮಾತ್ರ ಒಂದೂ ಸಿಗಲಿಲ್ಲ. ಕೆಲವು ವಾರ ಕಳೆದ ಮೇಲೆ “ನೀನು ಹೋಗು, ನನಗೆ ಇವತ್ತು ಉದಾಸೀನ” ಎನ್ನತೊಡಗಿದರು. ನನಗೆ ಹೆದರಿಕೆಯಾಯಿತು. ಇದೂ ಕೈಬಿಟ್ಟರೆ ಅವರು ಮತ್ತೆ ಎದ್ದು ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅವರಿಗೆ ಒಂದು ಮೀನು ಸಿಗಲೇಬೇಕಿತ್ತು.

ಹಾಗೆ ನೀರಿನಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ಹುಡುಕಲು ಹೊರಟೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಸಮುದ್ರದಷ್ಟು ದೊಡ್ಡ ಸರೋವರಗಳಲ್ಲಿ ಯಾರೋ ಬಿಳಿಯರು ಕಾರಿನಷ್ಟು ಉದ್ದದ ಕಯಾಕಿನಲ್ಲಿ ಕುಳಿತು ಮಾತಾಡುತ್ತಲೇ ಇರುತ್ತಾರೆ, ಬೇಕಾದ ವಿಷಯ ಹೇಳುವುದಿಲ್ಲ. ಚೆಂಡಿನ ಹಾಗೆ ನೀರಿಗೆ ಎಸೆದು ಮೊಬೈಲಿನಲ್ಲಿ ನೋಡುವ ಒಂದು ಜಾತಿ ಉಂಟು. ನಮ್ಮ ಬಿಸಿಲಿಗೆ ಹೊಳೆಯ ನಡುವೆ ಮೊಬೈಲಿನಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮಂಗಳೂರಿಗೆ ಹೋಗಿ ದೊಡ್ಡ ಬೋಟುಗಳಿಗೆ ಯಂತ್ರ ಮಾರುವ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಹೊಳೆಯ ಆಳ ಎಷ್ಟು ಎಂದು ವಿಚಾರಿಸಿದರು. ಹೇಳಿದೆ. “ಅದಕ್ಕೆ ಮಿಷನ್ ಯಾಕೆ? ಒಂದು ಬಿದಿರು ಹಾಕಿ ನೋಡಿ, ಸಾಕು” ಅಂದರು. ಅಲ್ಲಿಂದ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮನುಷ್ಯನಿಗೆ ಮನಸ್ಸಿನಲ್ಲೇ ಉತ್ತರ ಕೊಟ್ಟೆ.

ಕೊನೆಗೆ ಚಿಕ್ಕ ಪರದೆ, ಉದ್ದ ವಯರು, ವಯರಿನ ತುದಿಗೆ ಒಂದು ಸೆನ್ಸರ್ ಇರುವುದನ್ನು ಆನ್‌ಲೈನಿನಲ್ಲಿ ತರಿಸಿದೆ. ಬ್ಯಾಟರಿ ಅದರ ಜತೆ ಬರುವುದಿಲ್ಲ ಎಂಬುದು ಪೆಟ್ಟಿಗೆ ಬಿಚ್ಚಿದ ಮೇಲೆ ತಿಳಿಯಿತು. ತೋಟಕ್ಕೆ ಮದ್ದು ಬಿಡುವ ಭಾವನ ಪಂಪಿನ ಬ್ಯಾಟರಿ ಕಿತ್ತು ನನ್ನ ಅಂಗಡಿಯ ಪ್ಲಾಸ್ಟಿಕ್ ಡಬ್ಬದಲ್ಲಿ ಕೂರಿಸಿದೆವು. ಯಂತ್ರ ಆನ್ ಮಾಡಿದರೆ ಪರದೆಯ ಮೇಲೆಲ್ಲ ಚೀನೀ ಅಕ್ಷರ. ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ನನ್ನ ಅರ್ಧ ದಿನ ಹೋಯಿತು. ಎರಡು ಸಲ ಅದನ್ನು ಬಾವಿಗೆ ಎಸೆಯಬೇಕು ಅನ್ನಿಸಿತು.

ಬಾವಿಗೆ ಇಳಿಸಿದ್ದೂ ಹೌದು, ಎಸೆಯಲಿಕ್ಕಲ್ಲ, ಪರೀಕ್ಷೆಗೆ. ಸೆನ್ಸರನ್ನು ಹಗ್ಗಕ್ಕೆ ಕಟ್ಟಿ ಅಕ್ಕನ ಮನೆಯ ಬಾವಿಯ ನೀರಿಗೆ ಮುಟ್ಟಿಸಿದೆವು. ಪರದೆ ಆಳ ಹೇಳಿತು. ಭಾವ ಕೊಡಪಾನದ ಹಗ್ಗ ಇಳಿಸಿ ಅಳೆದರು, ಸರಿಯಾಗಿತ್ತು. ಸೊಳ್ಳೆಮರಿ ತಿನ್ನಲಿ ಎಂದು ಬಾವಿಗೆ ಬಿಟ್ಟಿದ್ದ ಮುಗುಡು ಮೀನು ಒಮ್ಮೆ ಹಾದುಹೋದಾಗ ಪರದೆಯಲ್ಲಿ ಒಂದು ಗೆರೆ ಬಾಗಿತು. “ನನ್ನ ಎದೆಗೆ ಎಕೋ ಮಾಡಿದ್ದು ಇದೇ ಮಿಷನಿನ ಅಣ್ಣ” ಅಂದರು ಭಾವ. ಬಹಳ ದಿನಕ್ಕೆ ಮೊದಲ ತಮಾಷೆ. ಅಕ್ಕ ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡಿದಳು.

ಇನ್ನು ಸೆನ್ಸರನ್ನು ಕಯಾಕಿಗೆ ಕೂರಿಸಬೇಕಿತ್ತು. ತೂತು ಕೊರೆಯಬಾರದು, ದೋಣಿಯ ಹೊಟ್ಟೆಯೊಳಗೆ ತಳಕ್ಕೆ ಅಂಟಿಸಿದರೂ ಪ್ಲಾಸ್ಟಿಕ್ಕಿನ ಮೂಲಕ ಕೆಲಸ ಮಾಡುತ್ತದೆ ಎಂದು ವಿಡಿಯೋದವರು ಹೇಳಿದ್ದರು. ಅಂಟಿಸಲೆಂದು ನಾನು ಇಟ್ಟಿದ್ದ ಸಿಲಿಕಾನ್ ಟ್ಯೂಬು ಒಳಗೇ ಒಣಗಿ ಕಲ್ಲಾಗಿತ್ತು. ಪೇಟೆಗೆ ಹೋಗಿ ಬೇರೆ ತರುತ್ತೇನೆ ಎಂದು ಎದ್ದೆ.

“ಪೇಟೆಗೆ ಯಾಕೆ? ಮೇಣ ಉಂಟಲ್ಲ. ನಾನು ಮಾಡ್ತೇನೆ” ಅಂದರು ಭಾವ.

ಹಪ್ಪಳಕ್ಕೆಂದು ಅಕ್ಕ ಹಲಸಿನಕಾಯಿ ಕೊಯ್ಯುವ ದಿನಗಳು ಅವು. ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ ಮನೆಯಲ್ಲೇ ಇತ್ತು. ಮೊದಲೆಲ್ಲ ತೂತು ಬಿದ್ದ ಕೊಡಪಾನಕ್ಕೆ ಅದನ್ನು ಬಿಸಿ ಮಾಡಿ ಮೆತ್ತುತ್ತಿದ್ದರು, ಒಂದು ಹನಿ ಸೋರುತ್ತಿರಲಿಲ್ಲ. ಆದರೆ ಇದು ಕೊಡಪಾನವಲ್ಲ. ಬೇರೆ ಯಾರಾದರೂ ಹೇಳಿದ್ದರೆ ಅಲ್ಲೇ ಎರಡು ಮಾತು ಅನ್ನುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ‘ನಾನು ಮಾಡ್ತೇನೆ’ ಎಂದು ಭಾವ ಹೇಳಿದ್ದು ಅದೇ ಮೊದಲು. “ಒಳ್ಳೆಯ ಐಡಿಯಾ” ಅಂದೆ. ಭಾವ ನನ್ನನ್ನು ಒಮ್ಮೆ ನೋಡಿ, ಕೆಂಡ ತರಲು ಒಳಗೆ ಹೋದರು. ಶ್ರದ್ಧೆಯಿಂದ ಮೇಣ ಕರಗಿಸಿ, ಮೆತ್ತಿ, ಸೆನ್ಸರನ್ನು ಒತ್ತಿ ಹಿಡಿದು ಕೂರಿಸಿದರು.

ಹೊಳೆಗಿಳಿದ ಮೇಲೆ ಯಂತ್ರಕ್ಕೆ ದೆವ್ವ ಹಿಡಿಯಿತು. ಆಳ ತೋರಿಸುವ ಜಾಗದಲ್ಲಿ ಬರೀ ಅಡ್ಡಗೀಟು. ಸೆನ್ಸಿಟಿವಿಟಿ ಏರಿಸಿದರೆ ಪರದೆ ತುಂಬ ಚುಕ್ಕಿ, ಇಳಿಸಿದರೆ ಬಟಾಬಯಲು. ಮೀನಿನ ಚಿತ್ರ ತೋರಿಸುವ ಗುಂಡಿ ಒತ್ತಿದರೆ ತಳವೆಂದು ಅದೇ ಎಳೆದ ಗೆರೆಯ ಕೆಳಗೆ, ಅಂದರೆ ಮರಳಿನೊಳಗೆ, ಸಾಲಾಗಿ ಮೀನುಗಳು. ಅದನ್ನು ಆಫ್ ಮಾಡಿದೆ. ಆಮೇಲೆ ಏನೂ ಇಲ್ಲ. ದಂಡೆಯ ಬದಿಗೆ ಹೋದರೂ ಇಲ್ಲ, ನಡುವೆ ಬಂದರೂ ಇಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು, ಲೈಫ್ ಜಾಕೆಟ್ಟು ಕುತ್ತಿಗೆಗೆ ಉಜ್ಜುತ್ತಿತ್ತು, ಹಲ್ಲು ಕಚ್ಚಿ ಗುಂಡಿ ಒತ್ತುತ್ತಲೇ ಇದ್ದೆ. ಭಾವ ಗಾಳ ಮಡಿಲಲ್ಲಿಟ್ಟು ಹಿಂದಕ್ಕೆ ತಿರುಗಿ ಖಾಲಿ ಪರದೆಯನ್ನೇ ನೋಡುತ್ತಿದ್ದರು.

“ಎಂತ ಆದದ್ದು?” ಎಂದು ಕೇಳಿದರು.

“ನೀರು ಕಲಕಿದೆ” ಅಂದೆ. ಮರುದಿನ ಕೇಳಿದಾಗ ಬ್ಯಾಟರಿ ವೀಕ್ ಅಂದೆ. ಇನ್ನೊಂದು ದಿನ ಬಿಸಿಲು ಜಾಸ್ತಿ ಅಂದೆ. ಮೇಣದ ಮೇಲೆ ನನಗೆ ಮೊದಲ ದಿನವೇ ಅನುಮಾನ ಬಂದಿತ್ತು. ಬಾವಿಯಲ್ಲಿ ನೆಟ್ಟಗಿದ್ದ ಯಂತ್ರ ಹೊಳೆಯಲ್ಲಿ ಯಾಕೆ ಹೀಗಾಗಬೇಕು? ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳದೆ ನುಂಗಿದ ಸಿಟ್ಟು ಹೊಟ್ಟೆಯಲ್ಲಿ ಹುಳಿಯಾಗಿ, ನನಗೇ ಮಾತ್ರೆ ತೆಗೆದುಕೊಳ್ಳುವ ಹಾಗಾಯಿತು.

ಆ ವಾರದ ಕೊನೆಗೆ ಭಾವ ಗಾಳ ತೆಗೆದು ಅಟ್ಟಕ್ಕೆ ಹಾಕಿದರು. “ಸಾಕು. ಹೊಳೆಯಲ್ಲಿ ಎಂತ ಸಹ ಇಲ್ಲ. ಮಿಷನೇ ಹೇಳ್ತಾ ಉಂಟಲ್ಲ” ಅಂದರು. ಆಮೇಲೆ ಅಕ್ಕ ಫೋನು ಮಾಡಿದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ, ಊಟಕ್ಕೆ ಕರೆದರೆ ಎರಡು ತುತ್ತು ತಿಂದು ಏಳುತ್ತಾರೆ ಎಂದಳು.

ಅಂಗಡಿಯಲ್ಲಿ ಕುಳಿತು ಯೋಚಿಸಿದೆ. ಆಸ್ಪತ್ರೆಯಲ್ಲಿ ಭಾವನಿಗೆ ಎಕೋ ಸ್ಕ್ಯಾನ್ ಮಾಡುವಾಗ ನಾನೂ ಆ ಕೋಣೆಯಲ್ಲಿದ್ದೆ. ಎದೆಗೆ ತಣ್ಣನೆಯ ಲೋಳೆ ಹಚ್ಚಿದ ಆ ಹುಡುಗಿ, ನಡುವೆ ಗಾಳಿ ಇದ್ದರೆ ಏನೂ ಕಾಣುವುದಿಲ್ಲ ಎಂದು ಹೇಳಿದ್ದಳು. ಕರಗಿಸಿದ ಮೇಣದಲ್ಲಿ ಗುಳ್ಳೆ ಬಿಟ್ಟು ಬೇರೆ ಏನಿರುತ್ತದೆ? ಮರುದಿನ ಮಧ್ಯಾಹ್ನ, ಭಾವ ಮಲಗಿದ ಹೊತ್ತು ನೋಡಿ, ಹೊಸ ಸಿಲಿಕಾನ್ ಟ್ಯೂಬು ಹಿಡಿದುಕೊಂಡು ಅಕ್ಕನ ಕೊಟ್ಟಿಗೆಗೆ ಕಳ್ಳನ ಹಾಗೆ ಹೋದೆ. ಕೈಗೂ ಚೂರಿಗೂ ತೆಂಗಿನೆಣ್ಣೆ ಹಚ್ಚಿ, ದೋಣಿಯ ಮುಚ್ಚಳ ತೆಗೆದು ಹೊಟ್ಟೆಯೊಳಗೆ ತೋಳು ತೂರಿಸಿ ಮೇಣ ಕೆರೆದೆ. ಹಲಸಿನ ಮೇಣ ಎಂದರೆ ಬಿಡುವ ಜಾತಿಯಲ್ಲ. ಬೆರಳಿಗೆ ಹಿಡಿಯಿತು, ಅಂಗಿಗೆ ಹಿಡಿಯಿತು, ಮೊಣಕೈ ಕೂದಲಿಗೆ ಹಿಡಿಯಿತು. ಎಳೆದು ಕಿತ್ತೆ. ತಳ ಒರೆಸಿ ಸಿಲಿಕಾನ್ ಹಾಕಿ ಸೆನ್ಸರ್ ಕೂರಿಸಿ, ಒಣಗಲು ಬಿಟ್ಟು ಬಂದೆ.

ಅದು ಒಣಗಿದ ಮೇಲೆ ಭಾವನ ಹತ್ತಿರ ಹೋಗಿ ಕುಳಿತೆ. “ಸೆಟ್ಟಿಂಗಿನಲ್ಲಿ ತಪ್ಪು ಇತ್ತು ಭಾವ. ನಾನೇ ಸಮುದ್ರದ ನೀರಿಗೆ ಇಟ್ಟುಬಿಟ್ಟಿದ್ದೆ. ಒಂದು ಸಲ ಹೋಗುವ” ಅಂದೆ. ಅವರು ನನ್ನ ಮೊಣಕೈ ನೋಡಿದರು. ಎದ್ದು ಚಪ್ಪಲಿ ಹಾಕಿದರು. ಅಟ್ಟದಿಂದ ಗಾಳ ನಾನೇ ಇಳಿಸಿದೆ.

ಹೊಳೆಯ ನಡುವಿಗೆ ಬಂದು ಯಂತ್ರ ಆನ್ ಮಾಡಿದೆ. ತಳ ಒಂದೇ ಗೆರೆಯಾಗಿ ನಿಚ್ಚಳವಾಗಿ ಬಂತು. ಒಂದು ಬಂಡೆಯ ಬದಿಯಲ್ಲಿ ಗೆರೆ ಬಾಗಿತು, ಪಕ್ಕದಲ್ಲಿ ಇನ್ನೊಂದು. “ಭಾವ, ಮೀನು. ಗಾಳ ಹಾಕಿ” ಅಂದೆ.

ಅವರು ಪರದೆಯ ಕಡೆ ನೋಡಲಿಲ್ಲ. ದೋಣಿಯ ಮುಚ್ಚಳ ತೆರೆದು ಒಳಗೆ ಬೆರಳಾಡಿಸಿ ಮೂಸಿದರು.

“ತೆಂಗಿನೆಣ್ಣೆ” ಅಂದರು. “ಮೇಣ ತೆಗೆದದ್ದಾ?”

ನಾನು ಹುಟ್ಟನ್ನು ದೋಣಿಯೊಳಗೆ ಎಳೆದಿಟ್ಟೆ.

“ಮೇಣದಲ್ಲಿ ಗಾಳಿ ಕೂತದ್ದು ಅಂತ ನನಗೆ ಎರಡನೇ ದಿನವೇ ಗೊತ್ತಾಗಿದೆ. ಎದೆಗೆ ಲೋಳೆ ಹಚ್ಚಿಸಿಕೊಂಡದ್ದು ನಾನಲ್ವಾ? ನೀನು ಬೈತೀ ಅಂತ ಕಾದೆ. ಮೇಣ ಹಾಕುವ ಅಂತ ನಾನು ಹೇಳಿದಾಗ ಕಾದೆ, ಹೊಳೆಯಲ್ಲಿ ಸಹ ಕಾದೆ. ನೀನು ನೀರು ಕಲಕಿದೆ ಅಂದಿ, ಬ್ಯಾಟರಿ ಅಂದಿ. ಮನೆಯಲ್ಲಿ ಎಲ್ಲರೂ ಹೂಂ ಹೂಂ ಅಂತಾರೆ, ಅದು ಇರಲಿ. ನೀನು ಸಹ ಬಾಯಿ ಮುಚ್ಚಿಕೊಂಡದ್ದು ನೋಡಿದ ಮೇಲೆ ಅಂದಾಜು ಮಾಡಿದೆ, ನನ್ನದು ಇನ್ನು ಹೆಚ್ಚು ದಿನ ಇಲ್ಲ ಅಂತ.” ಅವರು ತಿರುಗಿ ನನ್ನ ಮುಖ ನೋಡಿದರು. “ಡಾಕ್ಟರು ನಿಮ್ಮ ಹತ್ತಿರ ಬೇರೆ ಎಂತಾದರೂ ಹೇಳಿದ್ದಾರಾ? ನಿಜ ಹೇಳು.”

ಇಷ್ಟು ತಿಂಗಳು ನಾವು ಇವರನ್ನು ಹೂವಿನ ಹಾಗೆ ನೋಡಿಕೊಂಡೆವು ಎಂದುಕೊಂಡಿದ್ದೆವು. ಇವರು ಗೋಡೆಗೆ ಮುಖ ಹಾಕಿ ಲೆಕ್ಕ ಹಾಕುತ್ತಿದ್ದದ್ದು ಇದನ್ನು. ಮೊದಲು ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟೇ ಮೊದಲು ಬಾಯಿಗೆ ಮುಟ್ಟಿತು.

“ಎಂತ ಹೇಳುವುದು? ಡಾಕ್ಟರು ಹೇಳಿದ್ದು ನೀವು ಮತ್ತೆ ಬಸ್ಸು ಓಡಿಸಬಹುದು ಅಂತ. ನಿಮಗೆ ಎಂತ ಸಹ ಆಗಿಲ್ಲ. ಆದದ್ದು ನನಗೆ. ಮೇಣ ಅಂತೆ ಮೇಣ. ಸಾವಿರ ಕೆಲಸ ಬಿಟ್ಟು ಮಿಷನ್ ತರಿಸಿದರೆ ಅದಕ್ಕೆ ಕೊಡಪಾನದ ಚಿಕಿತ್ಸೆ ಮಾಡುವುದಾ? ತಲೆ ಉಂಟಾ ನಿಮಗೆ? ಗೊತ್ತಾದ ಮೇಲಾದರೂ ಬಾಯಿ ಬಿಡಬೇಕಾ ಬೇಡವಾ? ಅಲ್ಲಿ ಅಕ್ಕ ಊಟ ಬಿಟ್ಟು ಕೂತಿದ್ದಾಳೆ, ಇಲ್ಲಿ ನನ್ನ ಕೈಯ ಕೂದಲು ಹೋಯಿತು.”

ಇನ್ನೂ ಬಹಳ ಹೇಳಿದೆ. ಉಪ್ಪಿನ ವಿಷಯ ಹೇಳಿದೆ, ಅಟ್ಟಕ್ಕೆ ಹಾಕಿದ ಗಾಳದ ವಿಷಯ ಹೇಳಿದೆ. ಹೇಳುತ್ತ ಹೋದಂತೆ ಭಾವ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬಸ್ ಸ್ಟ್ಯಾಂಡಿನ ಆ ಹಳೆಯ ಗಂಟಲು ತೆರೆಯಿತು.

“ಆಯ್ತಾ ನಿನ್ನದು? ಈಗ ಕೇಳು. ನಿನ್ನ ಅಂಗಡಿಯ ಕುಕ್ಕರಿಗಿಂತ ನನ್ನ ಮೇಣ ಗಟ್ಟಿ ಉಂಟು. ಅದನ್ನು ಕೆರೆಯಲಿಕ್ಕೆ ನಿನಗೆ ಒಂದು ಮಧ್ಯಾಹ್ನ ಬೇಕಾಯ್ತಲ್ಲ.”

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಎದ್ದು ನಿಂತು ನಮ್ಮ ಕಡೆ ನೋಡಿದಳು. ಮೀನು ಬಂದರೆ ಕೂಗಲಿ ಎಂದು ನಾನು ಎಂದೋ ಒತ್ತಿಟ್ಟಿದ್ದ ಗುಂಡಿಯ ಫಲವಾಗಿ ಯಂತ್ರ ಕೀಂ ಕೀಂ ಎನ್ನತೊಡಗಿತು. ಪರದೆಯಲ್ಲಿ ಗೆರೆಗಳು ಒಂದರ ಮೇಲೊಂದು ಬಾಗುತ್ತಿದ್ದವು.

“ಆ ಶನಿಯನ್ನು ಆಫ್ ಮಾಡು” ಅಂದರು ಭಾವ. “ನನ್ನದು ಇನ್ನೂ ಮುಗಿಯಲಿಲ್ಲ.”

ನಾನು ಆಫ್ ಮಾಡಿದೆ.